ಗೂಡು ಇದೆ, ಮೊಟ್ಟೆ ಇದೆ, ಮರಿ ಮಾತ್ರ ಇಲ್ಲ: ಕೆಮಿಕಲ್ಸ್ ಕಾಡುಹಕ್ಕಿಗಳ ಹಾರ್ಮೋನಿಗೆ ಏನು ಮಾಡ್ತವೆ?

ಗೂಡುಗಾವಲು:
ಎಲ್ಲರಿಗೂ ನಮಸ್ಕಾರ. ಈ ವಿಷಯ ತುಂಬಾ ದಿನದಿಂದ ತಲೇಲಿ ಕೊರೀತಾ ಇದೆ, ಬರೆದುಬಿಡ್ತೀನಿ, ಗೊತ್ತಿರೋರು ಸೇರಿಸ್ತಾ ಹೋಗಿ. ಕೀಟನಾಶಕ, ಫ್ಯಾಕ್ಟರಿ ಕೆಮಿಕಲ್ಸ್ ಅಂದ ಕೂಡಲೇ ನಾವು ಹುಡುಕೋದು ಸತ್ತ ಹಕ್ಕೀನ. ಸತ್ತು ಬಿದ್ದಿದ್ರೆ ಸುದ್ದಿ, ಇಲ್ಲಾಂದ್ರೆ ಎಲ್ಲಾ ಸರಿ ಇದೆ ಅಂತ ಲೆಕ್ಕ. ಆದ್ರೆ ಓದ್ತಾ ಹೋದ ಹಾಗೆ ನನಗೆ ಗಟ್ಟಿಯಾಗಿದ್ದು ಏನಂದ್ರೆ, ಎಷ್ಟೋ ಕಡೆ ದೊಡ್ಡ ಪೆಟ್ಟು ಬಿದ್ದಿರೋದು ಬದುಕಿರೋ ಹಕ್ಕಿಗಳಿಗೇ, ಅವು ಹಾರ್ತಾ ಇರ್ತವೆ, ತಿಂತಾ ಇರ್ತವೆ, ಗೂಡೂ ಕಟ್ತವೆ, ಮರಿ ಮಾತ್ರ ಬರಲ್ಲ.

1970ರಲ್ಲಿ ಕ್ಯಾಲಿಫೋರ್ನಿಯಾ ತೀರದ ಅನಕಾಪ ದ್ವೀಪದಲ್ಲಿ ಕಂದು ಹೆಜ್ಜಾರ್ಲೆಗಳು (ಪೆಲಿಕನ್) 552 ಸಲ ಗೂಡು ಕಟ್ಟೋ ಪ್ರಯತ್ನ ಮಾಡಿದ್ವು, ಉಳಿದು ಬಂದ ಮರಿ ಒಂದೇ ಒಂದು. ದೂರದಿಂದ ನೋಡಿದೋರಿಗೆ ದ್ವೀಪದ ತುಂಬಾ ಹಕ್ಕಿ. ಹತ್ತಿರ ಹೋದ್ರೆ ಗೂಡುಗಳಲ್ಲಿ ಒಡೆದ ಮೊಟ್ಟೆ, ಕಾವಿಗೆ ಕೂತ ತಾಯಿಯ ಭಾರಕ್ಕೇ ಚಪ್ಪಟೆ ಆದ ಮೊಟ್ಟೆ. ಹೆಜ್ಜಾರ್ಲೆ ವರ್ಷಾನುಗಟ್ಟಲೆ ಬದುಕೋ ಹಕ್ಕಿ, ಹಾಗಾಗಿ ಮರಿ ಬರೋದು ನಿಂತುಹೋದ್ರೂ ದೊಡ್ಡ ಹಕ್ಕಿಗಳ ಸಂಖ್ಯೆ ಕಡಿಮೆ ಆಗೋಕೆ ವರ್ಷಗಳೇ ಬೇಕು, ಅಷ್ಟರಲ್ಲಿ ತಡ ಆಗಿರುತ್ತೆ. ಬರೀ ತಲೆ ಎಣಿಸೋರಿಗೆ ಇದು ಕಾಣಲ್ಲ ಅನ್ನೋದೇ ನನ್ನ ಸಂಕಟ.

ಒಳಗೆ ನಿಜವಾಗಿ ಏನಾಗುತ್ತೆ? ಎಲ್ಲಾ ಹಾರ್ಮೋನಿನ ಕಥೇನೇನಾ ಅಥವಾ ಬೇರೆ ಬೇರೆ ದಾರಿಗಳಿವೆಯಾ?

ಕೆಮಿಸ್ಟ್ರಿ ಮೇಷ್ಟ್ರು:
ಒಳ್ಳೇ ಪ್ರಶ್ನೆ ಎತ್ತಿದ್ರಿ. ಚಿಪ್ಪಿನಿಂದ ಶುರು ಮಾಡೋಣ, ಯಾಕಂದ್ರೆ ಈ ಇಡೀ ವಿಷಯಕ್ಕೆ ಕಣ್ಣು ತೆರೆಸಿದ್ದೇ ಅದು.

ಆ ಹೆಜ್ಜಾರ್ಲೆಗಳ ಪಾಡಿಗೆ ಕಾರಣ ಡಿಡಿಟಿ ಅನ್ನೋ ಕೀಟನಾಶಕ, ಅದು ದೇಹದೊಳಗೆ ಹೋದ ಮೇಲೆ ಬಹುಪಾಲು ಡಿಡಿಇ ಆಗಿ ಬದಲಾಗುತ್ತೆ. ಈ ಡಿಡಿಇ ಸುಲಭಕ್ಕೆ ಕರಗಿ ಹೋಗೋ ವಸ್ತು ಅಲ್ಲ, ಕೊಬ್ಬಿನಲ್ಲಿ ಕೂತ್ಕೊಂಡುಬಿಡುತ್ತೆ. ಪ್ಲಾಂಕ್ಟನ್ ತಿಂದ ಸಣ್ಣ ಮೀನು, ಅದನ್ನ ತಿಂದ ದೊಡ್ಡ ಮೀನು, ಅದನ್ನ ತಿಂದ ಹಕ್ಕಿ, ಹೀಗೆ ಪ್ರತಿ ಮೆಟ್ಟಿಲಿಗೂ ಪ್ರಮಾಣ ಏರ್ತಾನೇ ಹೋಗುತ್ತೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ನಲ್ಲಿ ಸೊಳ್ಳೆಯಂಥ ಸಣ್ಣ ಹುಳಗಳನ್ನ ಕೊಲ್ಲೋಕೆ 1949ರಿಂದ 1957ರ ನಡುವೆ ಮೂರು ಸಲ ಡಿಡಿಡಿ ಅನ್ನೋ, ಡಿಡಿಟಿಗೆ ಹತ್ತಿರದ ಕೀಟನಾಶಕ ಹಾಕಿದ್ರು. ನೀರಿಗೆ ಬಿದ್ದಿದ್ದು ಹತ್ತು ಲಕ್ಷ ಭಾಗದಲ್ಲಿ 0.02 ಭಾಗ ಅಷ್ಟೇ, ಅಲ್ಲಿನ ಗುಳುಮುಳುಕ ನೀರುಹಕ್ಕಿಗಳ ಕೊಬ್ಬಲ್ಲಿ ಸಿಕ್ಕಿದ್ದು 1600 ಭಾಗದವರೆಗೆ.

ಈಗ ಚಿಪ್ಪು. ಹಕ್ಕಿಯ ಅಂಡನಾಳದ ಕೊನೇ ಭಾಗದಲ್ಲಿ ಚಿಪ್ಪು ಕಟ್ಟೋ ಗ್ರಂಥಿ ಇರುತ್ತೆ, ರಕ್ತದಿಂದ ಕ್ಯಾಲ್ಸಿಯಂ ಎಳೆದು ಒಂದು ದಿನದೊಳಗೇ ಮೊಟ್ಟೆ ಸುತ್ತ ಗಟ್ಟಿ ಕವಚ ಮಾಡುತ್ತೆ. ಡಿಡಿಇ ಅಲ್ಲಿ ಕ್ಯಾಲ್ಸಿಯಂ ಸಾಗಿಸೋ ಕಿಣ್ವಕ್ಕೆ ಅಡ್ಡ ಬರುತ್ತೆ, ಜೊತೆಗೆ ಆ ಗ್ರಂಥಿಯಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನೋ ಸಂದೇಶ ಒಯ್ಯೋ ವಸ್ತು ತಯಾರಾಗೋದನ್ನೂ ತಗ್ಗಿಸುತ್ತೆ. ತಾಯಿ ರಕ್ತದಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ರೂ ಚಿಪ್ಪಿಗೆ ತಲುಪಲ್ಲ.

ಇದನ್ನ ಪತ್ತೆ ಮಾಡಿದ ರೀತಿ ನನಗೆ ಬಹಳ ಇಷ್ಟ. ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಹಳೇ ಮೊಟ್ಟೆ ಸಂಗ್ರಹಗಳನ್ನ ತೆಗೆದು ಚಿಪ್ಪಿನ ತೂಕ, ಉದ್ದ, ಅಗಲ ಅಳೆದು ಒಂದು ಸೂಚ್ಯಂಕ ಮಾಡಿದ್ರು. ದಶಕಗಳ ಕಾಲ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದ ಪೆರಿಗ್ರೀನ್ ಫಾಲ್ಕನ್ ಅನ್ನೋ ಬೇಟೆಹಕ್ಕಿಯ ಮೊಟ್ಟೆ ಚಿಪ್ಪು 1947ರ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ತೆಳು ಆಗಿದ್ದು ಕಾಣಿಸ್ತು, ಅಂದ್ರೆ ಡಿಡಿಟಿ ಬಳಕೆ ಹರಡಿದ ಕಾಲ. 1967ರಲ್ಲಿ ಅದು ಪ್ರಕಟ ಆಯ್ತು. ಮರುವರ್ಷ ಅಮೆರಿಕದಲ್ಲಿ ಜೋಸೆಫ್ ಹಿಕ್ಕಿ ಮತ್ತು ಅವರ ಜೊತೆಗಾರರು ಅಲ್ಲಿನ ಸಂಗ್ರಹಗಳಲ್ಲೂ ಇದನ್ನೇ ಕಂಡ್ರು. ಹವ್ಯಾಸಕ್ಕೆ ಮೊಟ್ಟೆ ಕೂಡಿಟ್ಟೋರ ಪೆಟ್ಟಿಗೆಗಳೇ ಕೊನೆಗೆ ಸಾಕ್ಷಿ ಆದ್ವು.

ಬಯಲುಸೀಮಿ:
ಮಾಸ್ತರ್ರ, ಛಲೋ ಹೇಳಿದ್ರಿ. ಒಂದ ಮಾತು ತಿಳೀಲಿಲ್ಲ ನೋಡ್ರಿ. ಡಿಡಿಟಿ ಬಂದಾಗ ಕೋಳಿ ಸಾಕೋರು ಎಲ್ಲಾ ಕಡೆ ಇದ್ದರು, ಕೋಳಿ ಮೊಟ್ಟಿ ಒಡ್ಯಾಕ ಹತ್ತಿದ್ರ ಮೊದಲ ಅವರಿಗೇ ಗೊತ್ತಾಗಬೇಕಿತ್ತಲ್ಲ? ಯಾರೂ ಯಾಕ ಒದರಲಿಲ್ಲ?

ಕೆಮಿಸ್ಟ್ರಿ ಮೇಷ್ಟ್ರು:
ಕೋಳಿ, ಲಾವಕ್ಕಿ ಜಾತಿಗಳಿಗೆ ಡಿಡಿಇಯಿಂದ ಚಿಪ್ಪು ತೆಳು ಆಗೋದು ತೀರಾ ಕಡಿಮೆ ಸರ್. ಹೆಜ್ಜಾರ್ಲೆ, ಫಾಲ್ಕನ್, ಆಸ್ಪ್ರೇ, ಹದ್ದು ಇವಕ್ಕೆ ಬಹಳ ಜಾಸ್ತಿ. ಅದರ ಮೇಲೆ ಇವೆಲ್ಲಾ ಮೀನನ್ನೋ ಬೇರೆ ಹಕ್ಕೀನೋ ತಿನ್ನೋವು, ಆಹಾರ ಸರಪಳಿಯ ತುದೀಲಿ ಕೂತಿರೋವು. ಹೆಚ್ಚು ಸೂಕ್ಷ್ಮ ಇರೋ ಜಾತಿಗೇ ಹೆಚ್ಚು ವಿಷ ಸಿಕ್ತು. ಲ್ಯಾಬಲ್ಲಿ ಸುಲಭಕ್ಕೆ ಸಿಗೋ ಕೋಳಿ, ಲಾವಕ್ಕಿ ಮೇಲೆ ಪರೀಕ್ಷೆ ಮಾಡಿ ಹಕ್ಕಿಗಳಿಗೆ ತೊಂದರೆ ಇಲ್ಲ ಅಂತ ಬರೆದುಬಿಡೋದು ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತೆ. ಹತ್ತು ಸಾವಿರದಷ್ಟು ಹಕ್ಕಿ ಜಾತಿಗಳಿವೆ, ಒಂದೆರಡು ಜಾತಿ ನೋಡಿ ಎಲ್ಲದಕ್ಕೂ ತೀರ್ಪು ಕೊಡೋಕೆ ಆಗಲ್ಲ.

ಎಂಡೋ ಓದುಗಿ:
ಮೇಷ್ಟ್ರು ಬರೆದಿದ್ದು ಸರಿ ಇದೆ, ಅದಕ್ಕೊಂದು ಗೆರೆ ಎಳೀಬೇಕು ನಾನು. ಚಿಪ್ಪು ತೆಳು ಆಗೋದನ್ನ ಎಷ್ಟೋ ಜನ ಹಾರ್ಮೋನ್ ಗಡಿಬಿಡಿ ಅಂತಾನೇ ಬರೀತಾರೆ, ಆದ್ರೆ ಮುಖ್ಯವಾದ ಪೆಟ್ಟು ಬೀಳೋದು ಗ್ರಂಥಿಯ ಕ್ಯಾಲ್ಸಿಯಂ ಸಾಗಾಣಿಕೆ ಮೇಲೆ, ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಬಂದು ಕೂರೋ ರಿಸೆಪ್ಟರ್ ಮೇಲೆ ಅಲ್ಲ. ಹಾರ್ಮೋನಿನ ಕೆಲಸಕ್ಕೇ ನೇರವಾಗಿ ಕೈ ಹಾಕೋ ಕೆಮಿಕಲ್ಸ್ ಬೇರೆ ಇವೆ, ಡಿಡಿಟಿ ಮಿಶ್ರಣದ ಒಳಗೇ ಇವೆ. ಫ್ಯಾಕ್ಟರಿಯಿಂದ ಬರೋ ಡಿಡಿಟಿ ಶುದ್ಧ ಒಂದೇ ವಸ್ತು ಅಲ್ಲ, ಅದರಲ್ಲಿ ಓ,ಪಿ-ಡಿಡಿಟಿ ಅನ್ನೋ ರೂಪ ಸ್ವಲ್ಪ ಭಾಗ ಇರುತ್ತೆ, ಅದು ಈಸ್ಟ್ರೋಜನ್ ಥರ ನಟಿಸುತ್ತೆ. ಪಿ,ಪಿ-ಡಿಡಿಇ ಇದೆಯಲ್ಲ, ಅದು ಗಂಡು ಹಾರ್ಮೋನಿನ ರಿಸೆಪ್ಟರ್‌ಗೆ ಹೋಗಿ ಕೂತು ಟೆಸ್ಟೋಸ್ಟಿರೋನ್‌ಗೆ ಜಾಗ ಬಿಡಲ್ಲ. ಹಾರ್ಮೋನ್ ಅಂದ್ರೆ ದೇಹ ತನಗೆ ತಾನೇ ಬರೆದುಕೊಳ್ಳೋ ಪತ್ರ ಅಂದ್ಕೊಳ್ಳಿ, ಒಂದು ಕೆಮಿಕಲ್ ಸುಳ್ಳು ಸಹಿ ಹಾಕಿ ಪತ್ರ ಕಳಿಸುತ್ತೆ, ಇನ್ನೊಂದು ನಿಜವಾದ ಪತ್ರಾನ ಬಾಗಿಲಲ್ಲೇ ತಡೆಯುತ್ತೆ.

ಹಕ್ಕಿಗಳಲ್ಲಿ ಇದು ಯಾಕೆ ಇಷ್ಟು ಗಂಭೀರ ಅಂದ್ರೆ ಅವುಗಳಲ್ಲಿ ಲಿಂಗ ರೂಪುಗೊಳ್ಳೋ ರೀತಿಯೇ ನಮಗಿಂತ ಬೇರೆ. ನಮ್ಮಲ್ಲಿ ಗಂಡಿಗೆ ಎಕ್ಸ್ ವೈ. ಹಕ್ಕಿಗಳಲ್ಲಿ ಎರಡು ಬೇರೆ ಬೇರೆ ಕ್ರೋಮೋಸೋಮ್ ಇರೋದು ಹೆಣ್ಣಿಗೆ, ಝಡ್ ಮತ್ತು ಡಬ್ಲ್ಯೂ, ಗಂಡಿಗೆ ಎರಡೂ ಝಡ್. ಭ್ರೂಣದಲ್ಲಿ ಈಸ್ಟ್ರೋಜನ್ ತಯಾರಾದ್ರೆ ಎಡಗಡೆ ಅಂಡಾಶಯ, ಅಂಡನಾಳ ಬೆಳೆದು ಹೆಣ್ಣಾಗುತ್ತೆ, ಬಲಗಡೆದು ಸಾಮಾನ್ಯವಾಗಿ ಕುಗ್ಗಿಹೋಗುತ್ತೆ. ಗಂಡು ಭ್ರೂಣ ಗಂಡಾಗಿ ಬೆಳೀಬೇಕಂದ್ರೆ ಆ ದಿನಗಳಲ್ಲಿ ಈಸ್ಟ್ರೋಜನ್ ಕಡಿಮೆ ಇರ್ಲೇಬೇಕು. ಈಗ ತಾಯಿ ಕೊಬ್ಬಲ್ಲಿ ಕೂಡಿಟ್ಟ ವಿಷ ಹಳದಿ ಭಾಗದ ಮೂಲಕ ಮೊಟ್ಟೆಗೆ ಬಂತು ಅನ್ನಿ. ಮುಚ್ಚಿದ ಚಿಪ್ಪಿನ ಒಳಗೆ ಭ್ರೂಣಕ್ಕೆ ಬೇರೆ ಊಟ ಇಲ್ಲ, ಆ ಹಳದೀನೇ ಗತಿ.

ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ದ್ವೀಪದ ಕಡಲಹಕ್ಕಿಗಳ ವಿಷಯ 1977ರಲ್ಲಿ ಪ್ರಕಟ ಆಯ್ತು. ಅವು ವೆಸ್ಟರ್ನ್ ಗಲ್. ಸಾಮಾನ್ಯವಾಗಿ ಮೂರು ಮೊಟ್ಟೆ ಇಡೋ ಹಕ್ಕಿ, ಆದ್ರೆ ಕೆಲವು ಗೂಡಲ್ಲಿ ನಾಲ್ಕು, ಐದು, ಆರು. ನೋಡಿದ್ರೆ ಎರಡು ಹೆಣ್ಣು ಜೋಡಿಯಾಗಿ ಒಂದೇ ಗೂಡಲ್ಲಿ ಇಟ್ಟಿವೆ, ಹೆಚ್ಚಿನವು ಮರಿ ಆಗದ ಮೊಟ್ಟೆಗಳು. ಗೂಡು ಕಟ್ಟೋ ಗಂಡುಗಳೇ ಸಾಲದಾಗಿತ್ತು. 1981ರಲ್ಲಿ ಮೈಕೆಲ್ ಫ್ರೈ ಮತ್ತು ಟೂನ್, ಆ ತೀರದ ಹಕ್ಕಿ ಮೊಟ್ಟೆಗಳಲ್ಲಿ ಸಿಕ್ಕಿದ್ದಕ್ಕೆ ಹೋಲೋ ಪ್ರಮಾಣದ ಡಿಡಿಟಿಯನ್ನ ಗಲ್ ಮೊಟ್ಟೆಗಳಿಗೆ ಚುಚ್ಚಿ ನೋಡಿದ್ರು, ಗಂಡು ಭ್ರೂಣಗಳ ವೃಷಣದಲ್ಲಿ ಅಂಡಾಶಯದ ಅಂಗಾಂಶ ಬೆಳೀತು, ಅಂಡನಾಳಾನೂ ಕಾಣಿಸ್ತು.

ಎರಡು ಹೆಣ್ಣು ಜೋಡಿ ಆಗೋದು ತಪ್ಪು ಅಂತ ನಾನು ಹೇಳ್ತಾ ಇಲ್ಲ, ಬೇರೆ ಹಕ್ಕಿಗಳಲ್ಲಿ ಯಾವ ವಿಷಾನೂ ಇಲ್ಲದೆ ಅದು ನಡೆಯುತ್ತೆ. ಇಲ್ಲಿ ಸಮಸ್ಯೆ ಗಂಡುಗಳು ಕಡಿಮೆ ಆಗಿದ್ದು.

ಅನುಮಾನಿ:
ಎಲ್ಲಾ ಓದಿದೆ, ಆಸಕ್ತಿದಾಯಕವಾಗಿದೆ, ಆದ್ರೂ ಒಂದು ಕಡೆ ಒಪ್ಪೋಕೆ ಆಗ್ತಿಲ್ಲ. ಒಂದು ಜಾಗದಲ್ಲಿ ವಿಷ ಇದೆ, ಅದೇ ಜಾಗದಲ್ಲಿ ಮರಿ ಇಲ್ಲ, ಆದ್ದರಿಂದ ವಿಷವೇ ಕಾರಣ ಅನ್ನೋದು ಅವಸರ ಅಲ್ವಾ? ಫ್ಯಾಕ್ಟರಿ ಇರೋ ಕಡೆ ಜನ ಇರ್ತಾರೆ, ಬೋಟು ಓಡಾಡುತ್ತೆ, ಮೀನು ಕಡಿಮೆ ಆಗಿರುತ್ತೆ, ನಾಯಿ, ಇಲಿ ಇರ್ತವೆ. ಮೊಟ್ಟೆಗೆ ಚುಚ್ಚಿ ನೋಡಿದ್ದು ಒಪ್ಪಿದೆ, ಆದ್ರೆ ಅದು ಲ್ಯಾಬು. ಕಾಡಲ್ಲಿ ನಿಜವಾದ ಗೂಡಲ್ಲಿ ತಪ್ಪು ಮೊಟ್ಟೇದಾ, ಅಪ್ಪ ಅಮ್ಮಂದಾ, ಜಾಗದ್ದಾ ಅಂತ ಬೇರೆ ಮಾಡಿ ತೋರಿಸಿದೋರು ಯಾರಾದ್ರೂ ಇದ್ದಾರಾ?

ನೀರುಕಾಗೆ:
ಇದ್ದಾರೆ ಅನುಮಾನಿಯವರೇ, ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಗೌರವ ಇರೋದು ಆ ಕೆಲಸದ ಮೇಲೇನೇ. ಮಾಡಿದ್ದು ಏನು ಅಂದ್ರೆ ಮೊಟ್ಟೆ ಅದಲು ಬದಲು.

ಮೀನು ಹಿಡಿಯೋ ಆಸ್ಪ್ರೇ ಹಕ್ಕಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕುಸೀತಾ ಇತ್ತು, ದಕ್ಷಿಣಕ್ಕಿರೋ ಮೇರಿಲ್ಯಾಂಡಲ್ಲಿ ಪರವಾಗಿಲ್ಲ ಅನ್ನೋ ಹಾಗಿತ್ತು. 1968–69ರಲ್ಲಿ ಎರಡೂ ಕಡೆ ಗೂಡುಗಳ ಮೊಟ್ಟೆ ತೆಗೆದು ಪರಸ್ಪರ ಬದಲಾಯಿಸಿದ್ರು. ಜಾಗ ಕಾರಣ ಆಗಿದ್ರೆ, ಜನರ ಕಾಟ ಕಾರಣ ಆಗಿದ್ರೆ, ಮೇರಿಲ್ಯಾಂಡ್ ಮೊಟ್ಟೆ ಕನೆಕ್ಟಿಕಟ್ ಗೂಡಲ್ಲಿ ಹಾಳಾಗಬೇಕಿತ್ತು. ಆಗ್ಲಿಲ್ಲ, ಅವು ತಮ್ಮೂರಲ್ಲಿ ಒಡೆಯೋ ಹಾಗೇ ಅಲ್ಲೂ ಒಡೆದು ಮರಿ ಬಂತು. ಕನೆಕ್ಟಿಕಟ್ ಮೊಟ್ಟೆಗಳು ಮೇರಿಲ್ಯಾಂಡ್ ತಾಯಂದಿರ ಕೆಳಗೆ ಕೂತ್ರೂ ಹಳೇ ಪಾಡೇ. ಅಂದ್ರೆ ಅಲ್ಲಿನ ಆಸ್ಪ್ರೇ ಅಪ್ಪ ಅಮ್ಮ ಕಾವು ಕೊಡೋದರಲ್ಲಿ ಕೊರತೆ ಇರ್ಲಿಲ್ಲ, ಮೊಟ್ಟೆ ಒಳಗೇ ತೊಂದರೆ ಇತ್ತು.

ಇದೇ ಪ್ರಯೋಗ 1983ರಲ್ಲಿ ಗ್ರೇಟ್ ಲೇಕ್ಸ್ ಭಾಗದ ಗ್ರೀನ್ ಬೇಯಲ್ಲಿ ಫಾರ್ಸ್ಟರ್ಸ್ ಟರ್ನ್ ಅನ್ನೋ ರೀವದ ಮೇಲೆ ನಡೀತು. ಅಲ್ಲಿ ಪಿಸಿಬಿ ಅನ್ನೋ ಫ್ಯಾಕ್ಟರಿ ಕೆಮಿಕಲ್ ಮಾಲಿನ್ಯ ಜೋರು. ಹೋಲಿಕೆಗೆ ಒಳನಾಡಿನ ಕ್ಲೀನ್ ಇರೋ ಲೇಕ್ ಪಾಯ್ಗನ್. ಈ ಸಲ ಫಲಿತಾಂಶ ಬೇರೆ ಥರ. ಗ್ರೀನ್ ಬೇ ಮೊಟ್ಟೆಗಳು ಮೆಷಿನ್ನಲ್ಲಿ ಕಾವು ಕೊಟ್ರೂ ಕಡಿಮೆ ಒಡೆದ್ವು, ಅಂದ್ರೆ ಮೊಟ್ಟೆ ಒಳಗೆ ತೊಂದರೆ ಇದೆ. ಆದ್ರೆ ಪಾಯ್ಗನ್‌ನ ಒಳ್ಳೇ ಮೊಟ್ಟೆ ತಂದು ಗ್ರೀನ್ ಬೇ ಹಕ್ಕಿಗಳ ಕೆಳಗೆ ಇಟ್ರೆ ಅವೂ ಸರಿಯಾಗಿ ಒಡೀಲಿಲ್ಲ. ಅಪ್ಪ ಅಮ್ಮ ಗೂಡು ಬಿಟ್ಟು ಬಿಟ್ಟು ಹೋಗ್ತಾ ಇದ್ವು, ಮೊಟ್ಟೆ ತಣ್ಣಗಾಗ್ತಾ ಇತ್ತು. ಎರಡೂ ಕಡೆಯಿಂದ ಪೆಟ್ಟು.

ಯೋಚನೆ ಮಾಡಿ, ಮೊಟ್ಟೆ ಮಾತ್ರ ತಂದು ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರೆ ಈ ಎರಡನೇ ಅರ್ಧ ಯಾವತ್ತೂ ಗೊತ್ತಾಗ್ತಾನೇ ಇರ್ಲಿಲ್ಲ. ಹಡ್ಸನ್ ನದಿ ದಂಡೇಲಿ ಪಿಸಿಬಿ ತುಂಬಿದ ಜಾಗದ ಟ್ರೀ ಸ್ವಾಲೋಗಳು, ನಮ್ಮ ಅಂಬರಗುಬ್ಬಿಯ ಸಂಬಂಧಿಗಳು, ಗೂಡನ್ನೇ ಹಗುರವಾಗಿ, ಕಳಪೆಯಾಗಿ ಕಟ್ತಾ ಇದ್ವು. ಅದೇ ಜಾಗದಲ್ಲಿ ಇನ್ನೊಂದು ವಿಚಿತ್ರ, ಮೊದಲ ವರ್ಷದ ಹೆಣ್ಣುಗಳಿಗೆ ಕಂದು ಬಣ್ಣ ಇರಬೇಕು, ಎಷ್ಟೋ ಹೆಣ್ಣುಗಳಿಗೆ ಆಗಲೇ ದೊಡ್ಡವುಗಳ ನೀಲಿ ಹಸಿರು ಹೊಳಪು ಬಂದಿತ್ತು. ಗರಿ ಬಣ್ಣಕ್ಕೂ ಹಾರ್ಮೋನಿಗೂ ನಂಟು ಇರೋದ್ರಿಂದ ಸಂಶೋಧಕರ ಅನುಮಾನ ಆ ಕಡೆ ಹೋಯ್ತು.

ಅನುಮಾನಿ:
ಮೊಟ್ಟೆ ಅದಲು ಬದಲು ಪ್ರಯೋಗ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಜಾಗದ ಪ್ರಶ್ನೆಗೆ ಅದು ಸರಿಯಾದ ಉತ್ತರ. ಹಾಗಾದ್ರೆ ಮುಂದಿನ ಪ್ರಶ್ನೆ, ಕೆಮಿಕಲ್ ಯಾವಾಗ್ಲೂ ಹಕ್ಕೀನ ಮಂಕು ಮಾಡುತ್ತಾ, ಅಂದ್ರೆ ಹಾಡು ಕಡಿಮೆ, ಪ್ರಣಯ ಕಡಿಮೆ, ಮೊಟ್ಟೆ ಕಡಿಮೆ? ಹಾಗಿದ್ರೆ ಗುರುತು ಹಿಡಿಯೋದು ಸುಲಭ.

ಕುಟ್ರಹಕ್ಕಿ:
ಅಷ್ಟು ಸುಲಭ ಇಲ್ಲ, ಅದಕ್ಕೇ ನಾನು ಇಷ್ಟು ಹೊತ್ತು ಸುಮ್ಮನಿದ್ದೋನು ಬರೀತಾ ಇದ್ದೀನಿ. ಸ್ಟಾರ್ಲಿಂಗ್ ಹಕ್ಕಿಗಳ ಅಧ್ಯಯನ ಒಂದಿದೆ, 2008ರದ್ದು, ಬ್ರಿಟನ್ನಿಂದ. ಚರಂಡಿ ನೀರು ಶುದ್ಧ ಮಾಡೋ ಘಟಕಗಳಲ್ಲಿ ಎರೆಹುಳು, ಹುಳ ಹುಪ್ಪಟೆ ಬೇಕಾದಷ್ಟು ಇರ್ತವೆ, ಸ್ಟಾರ್ಲಿಂಗ್‌ಗಳು ಅಲ್ಲಿ ಹೋಗಿ ತಿಂತವೆ. ಆ ಹುಳಗಳಲ್ಲಿ ಸಹಜ ಈಸ್ಟ್ರೋಜನ್ ಜೊತೆಗೆ ಪ್ಲಾಸ್ಟಿಕ್ಕಿಂದ ಬಂದ ಬಿಸ್ಫಿನಾಲ್ ಎ, ಥ್ಯಾಲೇಟ್‌ಗಳು ಎಲ್ಲಾ ಇರ್ತವೆ. ಸಂಶೋಧಕರು ಅಷ್ಟೇ ಪ್ರಮಾಣದ ಮಿಶ್ರಣಾನ ಹಿಡಿದಿಟ್ಟ ಗಂಡುಗಳಿಗೆ ತಿನ್ನಿಸಿದ್ರು.

ಏನಾಯ್ತು ಗೊತ್ತಾ, ಆ ಗಂಡುಗಳು ಜಾಸ್ತಿ ಹೊತ್ತು ಹಾಡಿದ್ವು, ಇನ್ನೂ ಸಂಕೀರ್ಣವಾಗಿ ಹಾಡಿದ್ವು. ಮಿದುಳಲ್ಲಿ ಹಾಡಿನ ಹಿಡಿತ ಇರೋ ಹೆಚ್‌ವಿಸಿ ಅನ್ನೋ ಭಾಗ ದೊಡ್ಡದಾಗಿತ್ತು. ಹೆಣ್ಣುಗಳಿಗೂ ಆ ಹಾಡೇ ಹೆಚ್ಚು ಇಷ್ಟ ಆಯ್ತು! ಆದ್ರೆ ಅವೇ ಗಂಡುಗಳ ರೋಗನಿರೋಧಕ ಶಕ್ತಿ ಕುಗ್ಗಿತ್ತು.

ಸಾಮಾನ್ಯವಾಗಿ ಒಳ್ಳೇ ಹಾಡು ಅಂದ್ರೆ ಆರೋಗ್ಯವಂತ ಗಂಡು ಅಂತ ಹೆಣ್ಣಿನ ಲೆಕ್ಕ, ಸಾವಿರಾರು ವರ್ಷದಿಂದ ಆ ಲೆಕ್ಕ ನಡ್ಕೊಂಡು ಬಂದಿದೆ. ಇಲ್ಲಿ ಆ ಲೆಕ್ಕವೇ ತಲೆಕೆಳಗಾಗಿದೆ, ಒಳಗೆ ಸೊರಗಿದ ಗಂಡು ಹೊರಗೆ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತೆ, ಹೆಣ್ಣು ಅದನ್ನೇ ಆರಿಸುತ್ತೆ. ಹೊರಗೆ ನಿಂತು ಕೇಳೋ ನಮ್ಮಂಥೋರಿಗೆ, ಎಷ್ಟು ಚೆನ್ನಾಗಿ ಹಾಡ್ತಿದೆ, ಈ ಜಾಗ ಆರೋಗ್ಯವಾಗಿದೆ ಅನ್ಸುತ್ತೆ. ನನಗೆ ಇದನ್ನ ಓದಿ ನಿಜವಾಗ್ಲೂ ಬೇಜಾರಾಯ್ತು. ಡಿಡಿಟಿ ಹೊಡೆದ ತೋಟಗಳ ರಾಬಿನ್ ಹಕ್ಕಿಗಳಲ್ಲಿ ಇದರ ಉಲ್ಟಾ ಕಂಡಿದೆ, ಹಾಡಿನ ಮಿದುಳಿನ ಭಾಗಗಳೇ ಚಿಕ್ಕವಾಗಿದ್ವು. ಒಂದು ಕೆಮಿಕಲ್ ಹಾಡು ಹೆಚ್ಚಿಸುತ್ತೆ, ಇನ್ನೊಂದು ತಗ್ಗಿಸುತ್ತೆ, ಎರಡೂ ಹಾನಿಯೇ.

ಎಂಡೋ ಓದುಗಿ:
ಕುಟ್ರಹಕ್ಕಿಯವರೇ, ಸ್ಟಾರ್ಲಿಂಗ್ ಉದಾಹರಣೆ ತಂದಿದ್ದು ತುಂಬಾ ಒಳ್ಳೇದಾಯ್ತು. ನಡವಳಿಕೆಯ ಮೇಲಿನ ಪರಿಣಾಮಕ್ಕೆ ಇನ್ನೊಂದು ಗಟ್ಟಿ ಪ್ರಯೋಗ ಪಾದರಸದ್ದು.

ಪಾದರಸ ನೀರಿನ ಕೆಸರಲ್ಲಿ ಬ್ಯಾಕ್ಟೀರಿಯಾಗಳಿಂದ ಮೀಥೈಲ್ ಮರ್ಕ್ಯುರಿ ಆಗುತ್ತೆ, ಆ ರೂಪದಲ್ಲಿ ಮೀನು, ಸಿಗಡಿಗಳ ಮೂಲಕ ಹಕ್ಕಿಗೆ ಸೇರುತ್ತೆ. ಫ್ಲೋರಿಡಾದಲ್ಲಿ ಪೀಟರ್ ಫ್ರೆಡೆರಿಕ್ ಮತ್ತು ನಿಲ್ಮಿನಿ ಜಯಸೇನ ಅವರು ವೈಟ್ ಐಬಿಸ್ ಅನ್ನೋ ನೀರುಹಕ್ಕಿಯ ಮರಿಗಳನ್ನ ಕಾಡಿಂದ ತಂದು ದೊಡ್ಡ ಪಂಜರದಲ್ಲಿ ನಾಲ್ಕು ಗುಂಪು ಮಾಡಿ ಬೆಳೆಸಿದ್ರು. ಒಂದಕ್ಕೆ ಕ್ಲೀನ್ ಆಹಾರ, ಉಳಿದ ಮೂರಕ್ಕೆ ಹತ್ತು ಲಕ್ಷ ಭಾಗದಲ್ಲಿ 0.05, 0.1, 0.3 ಭಾಗ ಮೀಥೈಲ್ ಮರ್ಕ್ಯುರಿ. ಇವು ಕಾಡಲ್ಲಿ ಸಿಗೋ ಮಟ್ಟದವೇ, ಅತಿಯಾಗಿ ಸುರಿದಿದ್ದಲ್ಲ. ಮೂರು ಸಂತಾನ ಋತು ನೋಡಿದ್ರು. ಪಾದರಸ ತಿಂದ ಗಂಡುಗಳು ಪ್ರಣಯ ಪ್ರದರ್ಶನ ಕಡಿಮೆ ಮಾಡಿದ್ವು, ಹೆಣ್ಣುಗಳು ಅವುಗಳ ಹತ್ತಿರ ಬರೋದೂ ಕಡಿಮೆ ಆಯ್ತು, ಅತಿ ಹೆಚ್ಚು ಪ್ರಮಾಣದ ಗುಂಪಲ್ಲಿ ಗಂಡು ಗಂಡು ಜೋಡಿ ಆಗಿದ್ದು 55% ವರೆಗೆ ಹೋಯ್ತು. ಈಸ್ಟ್ರಡಯಾಲ್ (ಒಂದು ಈಸ್ಟ್ರೋಜನ್), ಟೆಸ್ಟೋಸ್ಟಿರೋನ್ ಏರಿಳಿತದ ಮಾದರಿಯೂ ಬದಲಾಗಿತ್ತು. ಒಂದು ಹಕ್ಕಿಯೂ ಕಾಯಿಲೆ ಬಿದ್ದ ಹಾಗೆ ಕಾಣ್ತಿರ್ಲಿಲ್ಲ, ಆದ್ರೆ ಮರಿ ಸಂಖ್ಯೆ ಇಳೀತು.

ಭ್ರೂಣದ ಹಂತದಲ್ಲಿ ಆಗೋ ತೊಂದರೆ ದೊಡ್ಡದಾದ ಮೇಲೇನೇ ಗೊತ್ತಾಗೋದೂ ಉಂಟು. ಜಪಾನೀ ಲಾವಕ್ಕಿ ಮೊಟ್ಟೆಗೆ ಸಿಂಥೆಟಿಕ್ ಈಸ್ಟ್ರೋಜನ್ ಕೊಟ್ರೆ ಗಂಡು ಮರಿ ಹುಟ್ಟುತ್ತೆ, ಬೆಳೆಯುತ್ತೆ, ನೋಡೋಕೆ ಗಂಡೇ, ಆದ್ರೆ ಪ್ರಾಯಕ್ಕೆ ಬಂದಾಗ ಕೂಡೋ ಆಸಕ್ತಿ ಇರಲ್ಲ. ಲಾವಕ್ಕಿ ಚಿಪ್ಪಿನ ವಿಷಯದಲ್ಲಿ ಗಟ್ಟಿ ಅಂತ ಮೇಷ್ಟ್ರು ಹೇಳಿದ್ರಲ್ಲ, ಅದೇ ಲಾವಕ್ಕಿ ಇದರಲ್ಲಿ ಬಹಳ ಸೂಕ್ಷ್ಮ. ಹಾಗಾಗಿ ಈ ಜಾತಿ ಗಟ್ಟಿ, ಆ ಜಾತಿ ಮೆದು ಅಂತಾನೂ ಒಂದೇ ಮಾತಲ್ಲಿ ಹೇಳೋಕೆ ಬರಲ್ಲ, ಯಾವ ಅಂಗ, ಯಾವ ವಯಸ್ಸು ಅಂತ ಕೇಳ್ಬೇಕು.

ಗೂಡುಗಾವಲು:
ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಕೃತಜ್ಞತೆ. ಓದುಗಿ ಮೇಡಂ, ಕಾಲದ ಬಗ್ಗೆ ಸ್ವಲ್ಪ ಹೇಳಿ. ಹಕ್ಕಿ ಸರಿಯಾದ ವಾರದಲ್ಲಿ ಮೊಟ್ಟೆ ಇಟ್ರೆ ತಾನೇ ಮರಿಗೆ ಹುಳ ಸಿಗೋದು. ಕೆಮಿಕಲ್ ಆ ಗಡಿಯಾರಾನ ಕೆಡಿಸುತ್ತಾ?

ಎಂಡೋ ಓದುಗಿ:
ಕೆಡಿಸೋಕೆ ದಾರಿ ಇದೆ, ಆ ದಾರಿ ಥೈರಾಯ್ಡ್. ಹಕ್ಕಿಗಳು ದಿನ ಉದ್ದ ಆಗೋದನ್ನ ಕಣ್ಣಿಂದ ಮಾತ್ರ ಅಲ್ಲ, ಮಿದುಳಿನ ಒಳಗೇ ಇರೋ ಬೆಳಕು ಗ್ರಹಿಸೋ ಕೋಶಗಳಿಂದ ತಿಳ್ಕೊಳ್ತವೆ. ದಿನ ಉದ್ದ ಆದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಒಂದು ಭಾಗದಿಂದ ಟಿಎಸ್‌ಹೆಚ್ ಅನ್ನೋ ಹಾರ್ಮೋನ್ ಹೊರಡುತ್ತೆ, ಅದು ಮಿದುಳಿನ ಹೈಪೋಥಲಾಮಸ್‌ನಲ್ಲಿ ಒಂದು ಕಿಣ್ವಾನ ಎಬ್ಬಿಸುತ್ತೆ, ಆ ಕಿಣ್ವ ಟಿ4 ಅನ್ನೋ ಥೈರಾಯ್ಡ್ ಹಾರ್ಮೋನನ್ನ ಚುರುಕಾದ ಟಿ3 ಮಾಡುತ್ತೆ, ಆ ಟಿ3 ಸಿಕ್ಕಿದ ಮೇಲೇನೇ ಜಿಎನ್‌ಆರ್‌ಹೆಚ್, ಎಲ್‌ಹೆಚ್ ಅನ್ನೋ ಸಂತಾನದ ಹಾರ್ಮೋನುಗಳೆಲ್ಲಾ ಏರಿ ವೃಷಣ, ಅಂಡಾಶಯ ಬೆಳೆಯೋದು. ಲಾವಕ್ಕಿಯಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನ ಬಿಡಿಸಿ ತೋರಿಸಿದ್ದಾರೆ. ಹೆಚ್ಚಿನ ಕಾಡುಹಕ್ಕಿಗಳಲ್ಲಿ ಸಂತಾನದ ಅಂಗಗಳು ಬೇರೆ ಕಾಲದಲ್ಲಿ ತೀರಾ ಪುಟ್ಟದಾಗಿ ಕುಗ್ಗಿರುತ್ತೆ, ಹಾಗಾಗಿ ವರ್ಷಾ ವರ್ಷ ಹೊಸದಾಗಿ ಬೆಳೀಬೇಕು, ಆ ಬೆಳವಣಿಗೆಗೆ ಥೈರಾಯ್ಡ್ ಬೇಕೇ ಬೇಕು.

ಈಗ ಸೋಫಾ, ಟಿವಿ, ಬಟ್ಟೆಗೆ ಬೆಂಕಿ ಹತ್ತದ ಹಾಗೆ ಬೆರೆಸ್ತಿದ್ದ ಪಿಬಿಡಿಇ ಅನ್ನೋ ಕೆಮಿಕಲ್ಸ್ ನೋಡಿ, ಅವುಗಳ ಆಕಾರ ಟಿ4 ಹಾರ್ಮೋನನ್ನೇ ಹೋಲುತ್ತೆ. ಪಿಸಿಬಿ ದೇಹದಲ್ಲಿ ಬದಲಾಗಿ ಬರೋ ಕೆಲವು ರೂಪಗಳು ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೊರೋ ಪ್ರೋಟೀನಿಗೆ ತಾವೇ ಅಂಟ್ಕೊಳ್ತವೆ. ಗ್ರೇಟ್ ಲೇಕ್ಸ್‌ನ ಹೆರಿಂಗ್ ಗಲ್‌ಗಳಲ್ಲಿ ಥೈರಾಯ್ಡ್ ಗ್ರಂಥಿ ಊದಿದ್ದು ದಾಖಲಾಗಿದೆ. ಕೆನಡಾದಲ್ಲಿ ಸಾಕಿದ ಸಣ್ಣ ಬೇಟೆಹಕ್ಕಿ ಕೆಸ್ಟ್ರೆಲ್‌ಗಳಿಗೆ ಪಿಬಿಡಿಇ ಕೊಟ್ಟಾಗ ಪ್ರಣಯ ನಡವಳಿಕೆ ಇಳೀತು, ಮೊಟ್ಟೆ ಇಡೋದು ತಡ ಆಯ್ತು, ಮೊಟ್ಟೆ ಸಣ್ಣದಾಯ್ತು, ಚಿಪ್ಪೂ ತೆಳುವಾಯ್ತು.

ಇನ್ನು ಉತ್ತರ ಧ್ರುವದ ಹತ್ತಿರದ ದ್ವೀಪ ಸ್ವಾಲ್‌ಬಾರ್ಡ್‌ನ ಕಿಟಿವೇಕ್ ಕಡಲಹಕ್ಕಿಗಳಲ್ಲಿ, ಆ ವರ್ಷ ಗೂಡನ್ನೇ ಮಾಡದೆ ಬಿಟ್ಟ ಹಕ್ಕಿಗಳ ರಕ್ತದಲ್ಲಿ ಗೂಡು ಮಾಡಿದವುಗಳಿಗಿಂತ ಪಾದರಸ ಜಾಸ್ತಿ ಇತ್ತು, ಎಲ್‌ಹೆಚ್ ಹಾರ್ಮೋನಿನ ಜೊತೆಗೂ ಸಂಬಂಧ ಕಂಡಿದೆ. ಅಲ್ಲಿ ಫ್ಯಾಕ್ಟರಿ ಇಲ್ಲ, ಹೊಲ ಇಲ್ಲ, ಗಾಳಿ ಮತ್ತು ಸಮುದ್ರ ಹೊತ್ತು ತಂದ ವಿಷ ಅದು. ಗೂಡೇ ಮಾಡದ ಹಕ್ಕೀನ ಗೂಡು ಎಣಿಸೋ ಸಮೀಕ್ಷೆ ಹಿಡಿಯೋದೇ ಇಲ್ಲ.

ಬಯಲುಸೀಮಿ:
ಅಲ್ರೀ, ಇಷ್ಟೆಲ್ಲಾ ಕೇಳಿ ಎದಿ ಭಾರ ಆತು. ಡಿಡಿಟಿ ಬಂದ್ ಮಾಡ್ಯಾರಲ್ಲ, ಆಮ್ಯಾಲೆ ಹಕ್ಕಿ ತಿರುಗಿ ಬಂದಾವೋ ಇಲ್ಲೋ ಅದನ್ನೂ ಹೇಳ್ರಿ. ಮತ್ತ ರಣಹದ್ದು ಹೋದದ್ದೂ ಇದರಿಂದನ ಏನು?

ಕೆಮಿಸ್ಟ್ರಿ ಮೇಷ್ಟ್ರು:
ರಣಹದ್ದಿನ ವಿಷಯ ಬೇರೆ ಸರ್, ದನಗಳಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ನೋವಿನ ಔಷಧಿ ಅವುಗಳ ಮೂತ್ರಪಿಂಡ ಕೆಡಿಸಿ ಕೆಲವೇ ದಿನಗಳಲ್ಲಿ ಕೊಲ್ತಿತ್ತು. ಅದು ನೇರ ಸಾವು, ಹಾರ್ಮೋನ್ ದಾರಿ ಅಲ್ಲ.

ಬಂದ್ ಮಾಡಿದ ಮೇಲೆ ಬಂದವಾ ಅಂದ್ರೆ, ಬಂದಿವೆ, ಅದು ದೊಡ್ಡ ಸಂತೋಷದ ಸುದ್ದಿ. ಅಮೆರಿಕದಲ್ಲಿ 1972ರಲ್ಲಿ ಡಿಡಿಟಿಯ ಬಹುತೇಕ ಬಳಕೆ ನಿಂತ ಮೇಲೆ ಪೆರಿಗ್ರೀನ್ 1999ರಲ್ಲಿ, ಬಾಲ್ಡ್ ಈಗಲ್ 2007ರಲ್ಲಿ, ಕಂದು ಹೆಜ್ಜಾರ್ಲೆ 2009ರಲ್ಲಿ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂದ್ವು. 1963ರಲ್ಲಿ ಅಲಾಸ್ಕ ಬಿಟ್ಟು ಮುಖ್ಯ ಭೂಭಾಗದಲ್ಲಿ ಗೂಡು ಮಾಡ್ತಿದ್ದ ಬಾಲ್ಡ್ ಈಗಲ್ ಜೋಡಿ 417 ಅಷ್ಟೇ ಅಂತ ಲೆಕ್ಕ ಸಿಕ್ಕಿತ್ತು. ಮೂಲ ನಿಲ್ಲಿಸಿದ್ರೆ ಹಕ್ಕಿಗಳು ವಾಪಸ್ ಬರ್ತವೆ ಅನ್ನೋದಕ್ಕೆ ಇಷ್ಟು ಚೊಕ್ಕ ಪುರಾವೆ ಪರಿಸರ ವಿಷಯದಲ್ಲಿ ಕಡಿಮೆ.

ಆದ್ರೆ ಪೂರ್ತಿ ಮುಗಿದಿಲ್ಲ. ಲಾಸ್ ಏಂಜಲೀಸ್ ಹತ್ತಿರದ ಡಿಡಿಟಿ ಕಾರ್ಖಾನೆಯ ತ್ಯಾಜ್ಯ ಪ್ಯಾಲೋಸ್ ವರ್ಡೀಸ್ ಹತ್ತಿರದ ಸಮುದ್ರ ತಳದಲ್ಲಿ ಇವತ್ತಿಗೂ ಕೂತಿದೆ. ಅದೇ ತೀರದ ಬಿಗ್ ಸರ್ ಭಾಗದಲ್ಲಿ ಬಿಟ್ಟ, ರಣಹದ್ದಿನಂಥ ಕ್ಯಾಲಿಫೋರ್ನಿಯಾ ಕಾಂಡರ್‌ಗಳು ದಡಕ್ಕೆ ಬಿದ್ದ ಸೀ ಲಯನ್ ಹೆಣ ತಿಂತವೆ, ಆ ಹೆಣಗಳ ಕೊಬ್ಬಲ್ಲಿ ಡಿಡಿಇ, ಅದರಿಂದ ಅವುಗಳ ಮೊಟ್ಟೆ ಚಿಪ್ಪು ತೆಳು ಆಗಿದ್ದು 2013ರಲ್ಲಿ ವರದಿ ಆಯ್ತು. ನಿಷೇಧ ಆಗಿ 40 ವರ್ಷ ಆದ ಮೇಲೂ!

ಸ್ಟಾಕ್‌ಹೋಮ್ ಒಪ್ಪಂದ, ಅಂದ್ರೆ ಇಂಥ ಸುಲಭಕ್ಕೆ ಹೋಗದ ವಿಷಗಳನ್ನ ತಡೆಯೋ ಅಂತಾರಾಷ್ಟ್ರೀಯ ಒಪ್ಪಂದ, 2001ರಲ್ಲಿ ಆಗಿ 2004ರಿಂದ ಜಾರಿಯಲ್ಲಿದೆ, ಮೊದಲ ಪಟ್ಟಿಯಲ್ಲಿ ಡಿಡಿಟಿ, ಪಿಸಿಬಿ ಸೇರಿ ಹನ್ನೆರಡು ಕೆಮಿಕಲ್ಸ್, ಮಲೇರಿಯಾದಂಥ ರೋಗ ಹರಡೋ ಕೀಟಗಳ ತಡೆಗೆ ಡಿಡಿಟಿಗೆ ವಿನಾಯಿತಿ. 2009ರಲ್ಲಿ ಕೆಲವು ಪಿಬಿಡಿಇ ಮತ್ತು ಪಿಎಫ್‌ಒಎಸ್ ಅನ್ನೋ, ನೀರು, ಕಲೆ ಹಿಡಿಯದ ಹಾಗೆ ಬಳಸ್ತಿದ್ದ ಕೆಮಿಕಲ್ ಸೇರಿದ್ವು. ನನಗೆ ಕೋಪ ಬರೋದು ಎಲ್ಲಿ ಅಂದ್ರೆ, ಒಂದು ಕೆಮಿಕಲ್ ಬ್ಯಾನ್ ಆದ ಕೂಡಲೇ ಅದೇ ಕುಟುಂಬದ ಇನ್ನೊಂದು ಮಾರುಕಟ್ಟೆಗೆ ಬರುತ್ತೆ, ಅದರ ಹಾನಿ ಹಕ್ಕಿಗಳ ಮೇಲೆ ಗೊತ್ತಾಗೋ ಹೊತ್ತಿಗೆ ಟನ್ನುಗಟ್ಟಲೆ ಹೊರಗೆ ಹೋಗಿರುತ್ತೆ. ಮಾರೋ ಮುಂಚೆ ಹಾರ್ಮೋನ್ ಪರೀಕ್ಷೆ, ಅದೂ ಒಂದಕ್ಕಿಂತ ಹೆಚ್ಚು ಹಕ್ಕಿ ಜಾತಿ ಮೇಲೆ ಮಾಡೋದು ಕಂಪನಿಗಳ ಹೊಣೆ ಆಗ್ಬೇಕು.

ಅನುಮಾನಿ:
ಮೇಷ್ಟ್ರ ಕೊನೇ ಸಾಲು ಪೂರ್ತಿ ಒಪ್ಪಿದೆ. ನನ್ನಂಥ ಸಾಮಾನ್ಯ ಹಕ್ಕಿ ನೋಡೋರು ಇದರಲ್ಲಿ ಉಪಯೋಗಕ್ಕೆ ಬರೋ ಹಾಗೆ ಏನಾದ್ರೂ ಬರೆದಿಡಬಹುದಾ? ರಕ್ತ ತೆಗೆಯೋಕೆ ಹಾರ್ಮೋನ್ ಅಳೆಯೋಕೆ ನಮ್ಮ ಕೈಲಾಗಲ್ಲ.

ನೀರುಕಾಗೆ:
ಖಂಡಿತ ಬರೆದಿಡಬಹುದು, ಅದಕ್ಕೆ ಬೆಲೆನೂ ಇದೆ. ಪಕ್ಷಿ ಪಟ್ಟಿಯಲ್ಲಿ ಎಷ್ಟು ಹಕ್ಕಿ ಅಂತ ಮಾತ್ರ ಹಾಕ್ಬೇಡಿ, ಎಷ್ಟು ಮರಿ ಹಾರಿತು ಅಂತಾನೂ ಹಾಕಿ. ಗೂಡಿನ ಹತ್ತಿರ ಹೋಗದೆ ದೂರದಿಂದ ದುರ್ಬೀನಲ್ಲೇ ಇದು ಆಗುತ್ತೆ, ಹತ್ತಿರ ಹೋದ್ರೆ ನಿಮ್ಮಿಂದಲೇ ಅವು ಗೂಡು ಬಿಡ್ತವೆ, ಆಮೇಲೆ ಆ ದಾಖಲೆಗೆ ಅರ್ಥ ಇರಲ್ಲ. ಒಂದು ಗಂಟೆ ಕೂತು ನೋಡಿದ್ರೆ ಅದರಲ್ಲಿ ಎಷ್ಟು ನಿಮಿಷ ಮೊಟ್ಟೆ ಮೇಲೆ ಯಾರೂ ಇರ್ಲಿಲ್ಲ, ಕಾವಿನ ಅವಧಿ ಮುಗಿದ ಮೇಲೂ ಸುಮ್ಮನೆ ಕೂತೇ ಇದ್ದಾವಾ, ಒಂದೇ ಗೂಡಲ್ಲಿ ಆ ಜಾತಿಗೆ ಹೆಚ್ಚು ಅನ್ನಿಸೋವಷ್ಟು ಮೊಟ್ಟೆ ಇದೆಯಾ, ದೊಡ್ಡ ಹಕ್ಕಿಗಳು ಅಷ್ಟೇ ಇದ್ದು ಎಳೇ ಹಕ್ಕಿಗಳು ವರ್ಷಾ ವರ್ಷ ಕಡಿಮೆ ಆಗ್ತಾ ಇದಾವಾ, ಇವೆಲ್ಲಾ ಬರೀರಿ. ಮರಿಗಳ ಕೊಕ್ಕು ಅಡ್ಡಡ್ಡ ತಿರುಚಿದ್ರೆ ಫೋಟೋ ತೆಗೀರಿ, ಗ್ರೀನ್ ಬೇ ನೀರುಕಾಗೆಗಳಲ್ಲಿ ಅಂಥ ಕೊಕ್ಕುಗಳೇ ಜನರ ಗಮನ ಸೆಳೆದಿದ್ದು.

ಒಡೆಯದ ಮೊಟ್ಟೆ ಸಿಕ್ತು ಅಂತ ಮನೆಗೆ ತರಬೇಡಿ, ಅನುಮತಿ ಇಲ್ಲದೆ ಮುಟ್ಟೋದು ಎಷ್ಟೋ ಕಡೆ ಅಪರಾಧ. ಸಂಬಂಧಪಟ್ಟ ಇಲಾಖೆಗೋ ಸಂಶೋಧಕರಿಗೋ ಜಾಗ, ದಿನಾಂಕ ತಿಳಿಸಿ. ಒಂದು ಒಡೆಯದ ಮೊಟ್ಟೆಯಲ್ಲಿ ಚಿಪ್ಪಿನ ದಪ್ಪ, ಹಳದಿಯಲ್ಲಿರೋ ಕೆಮಿಕಲ್ಸ್, ಫಲಿತ ಆಗಿತ್ತಾ ಇಲ್ವಾ, ಭ್ರೂಣ ಯಾವ ದಿನಕ್ಕೆ ನಿಂತಿತು ಇಷ್ಟೂ ಅವರು ತೆಗೀಬಹುದು. ಒಂದು ವರ್ಷದ ದಾಖಲೆಯಿಂದ ಏನೂ ಹೇಳೋಕೆ ಬರಲ್ಲ, ಮಳೆ, ಆಹಾರ, ಬೇಟೆಗಾರ ಪ್ರಾಣಿ ಎಲ್ಲಾ ಸೇರಿ ಸಂಖ್ಯೆ ಏರುಪೇರು ಆಗುತ್ತೆ. ಅದಕ್ಕೇ ಅದೇ ಜಾಗಾನ ಪ್ರತಿ ವರ್ಷ ನೋಡಿ, ಅದಕ್ಕೆ ಹೋಲಿಸೋಕೆ ಅದೇ ಜಾತಿ ಇರೋ ಇನ್ನೊಂದು ಜಾಗಾನೂ ಇಟ್ಕೊಳ್ಳಿ.

ಗೂಡುಗಾವಲು:
ನೀರುಕಾಗೆಯವರು ಹೇಳಿದ ಅಂಶಗಳನ್ನೆಲ್ಲಾ ಸೇರಿಸಿ ಗೂಡು ನೋಡೋರಿಗೆ ಒಂದು ಫಾರ್ಮ್ ಮಾಡ್ತಾ ಇದ್ದೀನಿ. ಮೊಟ್ಟೆ ಮೇಲೆ ಯಾರೂ ಇಲ್ಲದ ನಿಮಿಷಗಳಿಗೆ ಬೇರೆ ಕಾಲಂ ಇಡ್ತೀನಿ, ಜೋಡಿ ಇದ್ದೂ ಗೂಡು ಮಾಡದ ಹಕ್ಕಿಗಳಿಗೂ ಒಂದು ಕಾಲಂ. ಓದುಗಿ ಮೇಡಂ, ಕಳಿಸ್ತೀನಿ, ಒಂದ್ಸಲ ನೋಡಿ ತಿದ್ದಿ ಕೊಡಿ.

ಎಂಡೋ ಓದುಗಿ:
ಕಳಿಸಿ. ಮೊದಲ ಮೊಟ್ಟೆ ಇಟ್ಟ ದಿನಾಂಕಕ್ಕೂ ಒಂದು ಕಾಲಂ ಬಿಡಿ, ತಡ ಆಗೋದು ಗೊತ್ತಾಗೋದೇ ಅದರಿಂದ.